ಕಡಲಾಚೆಯ ತೊಗರಿ, ಕಡಲಾಚೆಯ ಯುದ್ಧ

(ಆಳಂದ, ಅಫಜಲಪುರ ಮತ್ತು ಜೇವರ್ಗಿಗಳಲ್ಲಿ ಗಿರಣಿ ಕೂಲಿಕಾರರ ಹಾಗೂ ಚಿಕ್ಕ ವ್ಯಾಪಾರಿಗಳ ಸಭೆಗಳಲ್ಲಿ ಮಾಡಿದ ಭಾಷಣ)



ಗಂಜಿನಲ್ಲಿ ತೊಗರಿಯ ದರ ಕುಸಿದ ದಿನ ಹಮಾಲರಿಂದ ಹಿಡಿದು ಅಡತಿಯವರ ತನಕ ಎಲ್ಲರ ಬಾಯಲ್ಲೂ ಒಂದೇ ಮಾತು: "ಆಫ್ರಿಕಾದ ಮಾಲು ಬಂತು." ಈ ಮಾತು ಸುಳ್ಳಲ್ಲ. ಆದರೆ ಇದರ ಬೆನ್ನಿಗೇ ಒಂದು ಬೈಗುಳ ಬರುತ್ತದೆ ನೋಡಿ, ಅದು ತಾಗಬೇಕಾದವರಿಗೆ ತಾಗುವುದಿಲ್ಲ. ಆಫ್ರಿಕಾ ಎಂಬುದು ಒಂದು ಊರಲ್ಲ, ಒಂದು ದೇಶವೂ ಅಲ್ಲ. ಐವತ್ತಕ್ಕೂ ಹೆಚ್ಚು ದೇಶಗಳಿರುವ ಖಂಡ ಅದು. ನಮ್ಮ ದೇಶಕ್ಕೆ ಅಲ್ಲಿಂದ ತೊಗರಿ ಕಳಿಸುವವರಲ್ಲಿ ಮುಖ್ಯವಾದದ್ದು ಮೊಜಾಂಬಿಕ್. ಅದರ ಮಗ್ಗುಲಲ್ಲಿ ಮಲಾವಿ ಇದೆ, ತಾಂಜಾನಿಯಾ ಇದೆ. ಮೊಜಾಂಬಿಕ್ 1975ರಲ್ಲಿ ಸ್ವತಂತ್ರವಾಯಿತು. ಎರಡು ವರ್ಷ ತುಂಬುವ ಹೊತ್ತಿಗೆ ಅಲ್ಲಿ ಅಂತರ್ಯುದ್ಧ ಹೊತ್ತಿತು. 1992ರ ತನಕ ಅದು ಆರಲಿಲ್ಲ. ನಮ್ಮ ಬೇಳೆ ಗಿರಣಿಗೆ ಬರುವ ಆ ಅಗ್ಗದ ಕಾಳಿನ ಅಗ್ಗತನಕ್ಕೂ ಆ ಯುದ್ಧಕ್ಕೂ ಏನು ನಂಟು ಎಂಬುದನ್ನು ಹೇಳಲು ನಿಂತಿದ್ದೇನೆ.

ಮೊದಲು ವ್ಯಾಪಾರದ ಸಂಗತಿ. 2015ರ ಅಕ್ಟೋಬರಿನಲ್ಲಿ ನಮ್ಮ ಪಟ್ಟಣಗಳಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದು ನಿಮ್ಮೆಲ್ಲರ ನೆನಪಿನಲ್ಲಿದೆ. ಮರುವರ್ಷ, 2016ರ ಜುಲೈನಲ್ಲಿ, ಭಾರತ ಸರ್ಕಾರವು ಮೊಜಾಂಬಿಕ್ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಮೊದಲ ವರ್ಷ 1 ಲಕ್ಷ ಟನ್ ಬೇಳೆಕಾಳು, ಏರುತ್ತಾ ಏರುತ್ತಾ 2020-21ಕ್ಕೆ 2 ಲಕ್ಷ ಟನ್. 2021ರಲ್ಲಿ ಇದನ್ನು ಮತ್ತೆ ಐದು ವರ್ಷಕ್ಕೆ ಮುಂದುವರಿಸಿದರು. ಮಲಾವಿಯ ಜೊತೆ ವರ್ಷಕ್ಕೆ 50,000 ಟನ್ನಿನ ಒಪ್ಪಂದವೂ ಆಯಿತು. ಅದೇ 2021ರ ಮೇ ತಿಂಗಳಿಂದ ಖಾಸಗಿಯವರು ಮಿತಿಯಿಲ್ಲದೆ ತೊಗರಿ ತರಿಸಬಹುದು ಎಂದು ಬಾಗಿಲು ತೆರೆದರು. 2025ರ ಜನವರಿಯಲ್ಲಿ, ನಮ್ಮ ಹೊಲಗಳಲ್ಲಿ ರಾಶಿ ನಡೆದಿರುವಾಗಲೇ, ಆ ಅವಧಿಯನ್ನು ಇನ್ನೊಂದು ವರ್ಷ ಹಿಗ್ಗಿಸಿದರು. 2024-25ರ ಒಂದೇ ವರ್ಷದಲ್ಲಿ ಹೊರದೇಶಗಳಿಂದ ಬಂದ ತೊಗರಿ 10 ಲಕ್ಷ ಟನ್ನಿಗೂ ಮೇಲೆ.

ಇನ್ನು ಆ ದೇಶದ ಕಥೆ. ಅದು ನಮಗೆ ಅಷ್ಟು ದೂರದ್ದೇನೂ ಅಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದನೆಂದು ಶಾಲೆಯಲ್ಲಿ ಓದಿದ್ದೀರಿ. ಬರುವ ದಾರಿಯಲ್ಲಿ ಅವನ ಹಡಗುಗಳು ಮೊಜಾಂಬಿಕ್ ದ್ವೀಪದಲ್ಲಿ ನಿಂತಿದ್ದವು. ಅಂದಿನಿಂದ ಪೋರ್ಚುಗೀಸರು ಅಲ್ಲಿಯೂ ಬೇರು ಬಿಟ್ಟರು, ನಮ್ಮ ಕಾರವಾರದ ಪಕ್ಕದ ಗೋವೆಯಲ್ಲಿಯೂ ಬೇರು ಬಿಟ್ಟರು. 1752ರ ತನಕ ಮೊಜಾಂಬಿಕಿನ ಆಡಳಿತ ನಡೆಯುತ್ತಿದ್ದದ್ದೇ ಗೋವೆಯಿಂದ. 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಮಡಗಾಂವಿನಲ್ಲಿ ಸಭೆ ಮಾಡಿ ಸೆರೆಯಾದದ್ದು, 1955ರ ಆಗಸ್ಟ್ 15ರಂದು ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ್ದು ಈ ಪೋರ್ಚುಗೀಸರ ಕೈಯಿಂದಲೇ. 1961ರ ಡಿಸೆಂಬರಿನಲ್ಲಿ ಗೋವೆ ಕೈಬಿಟ್ಟಾಗ ಅವರು ಆ ಸಿಟ್ಟನ್ನು ಮೊಜಾಂಬಿಕಿನಲ್ಲಿದ್ದ ಭಾರತೀಯ ಅಂಗಡಿಕಾರರ ಮೇಲೆ ತೀರಿಸಿಕೊಂಡರು. ಹಿಡಿದು ಶಿಬಿರಗಳಲ್ಲಿ ಕೂಡಿದರು, ಆಸ್ತಿಗೆ ಬೀಗ ಹಾಕಿದರು, ಸಾವಿರಾರು ಜನರನ್ನು ಹೊರಗಟ್ಟಿದರು. ದಿಲ್ಲಿಗೂ ಲಿಸ್ಬನ್ನಿಗೂ ಜಗಳವಾದರೆ ಕಿರಾಣಿ ಅಂಗಡಿಯವನ ಗಲ್ಲಾಪೆಟ್ಟಿಗೆಗೆ ಬೀಗ ಬೀಳುತ್ತದೆ. ಇದನ್ನು ವ್ಯಾಪಾರಿ ಬಂಧುಗಳು ಗಮನಿಸಬೇಕು.

ಗಿರಣಿಯವರು ಗಮನಿಸಬೇಕಾದದ್ದು ಹತ್ತಿಯ ಸಂಗತಿ. 1938ರಿಂದ 1961ರ ತನಕ ಮೊಜಾಂಬಿಕಿನ ರೈತ ತನ್ನ ಹೊಲದಲ್ಲಿ ಹತ್ತಿ ಬೆಳೆಯಲೇಬೇಕಿತ್ತು. ಒಂದೊಂದು ಸೀಮೆಯನ್ನು ಒಂದೊಂದು ಕಂಪನಿಗೆ ಗುತ್ತಿಗೆ ಕೊಟ್ಟಿದ್ದರು. ಆ ಕಂಪನಿಗೇ ಮಾರಬೇಕು, ಸರ್ಕಾರ ಕಟ್ಟಿದ ದರಕ್ಕೇ ಮಾರಬೇಕು. ಪೋರ್ಚುಗಲ್ಲಿನ ಬಟ್ಟೆ ಗಿರಣಿಗಳಿಗೆ ಅಗ್ಗದ ಹತ್ತಿ ಸಿಗಲೆಂದು ಈ ಏರ್ಪಾಟು. ಹತ್ತಿಗೆ ಹೊಲ ಹೋಯಿತು, ಜೋಳಕ್ಕೆ ಹೊಲ ಉಳಿಯಲಿಲ್ಲ. ಹತ್ತಿಯ ಸೀಮೆಗಳಲ್ಲಿ ಹಸಿವು ಬಿತ್ತು. ಹತ್ತಿ ಬೆಳೆಯದ ಗಂಡಸರಿಗೆ ಬಿಟ್ಟಿ ದುಡಿಮೆ. ರಸ್ತೆಗೆ, ತೋಟಕ್ಕೆ, ಬಂದರಿಗೆ ಹಿಡಿದೊಯ್ಯುತ್ತಿದ್ದರು. ದಕ್ಷಿಣದ ಭಾಗದವರು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ಇಳಿಯುತ್ತಿದ್ದರು. ಅವರ ಕೂಲಿಯಲ್ಲೊಂದು ಪಾಲನ್ನು ಗಣಿಯವರು ಚಿನ್ನದ ರೂಪದಲ್ಲಿ ಪೋರ್ಚುಗೀಸ್ ಸರ್ಕಾರಕ್ಕೆ ಸಲ್ಲಿಸುತ್ತಿದ್ದರು. ಆಳು ಒಬ್ಬನದು, ಕೂಲಿಯ ಚಿನ್ನ ಇನ್ನೊಬ್ಬನದು.

ಇಂಥ ದೇಶದಲ್ಲಿ 1962ರಲ್ಲಿ ಫ್ರೆಲಿಮೊ ಎಂಬ ವಿಮೋಚನಾ ಪಕ್ಷ ಹುಟ್ಟಿತು. 1964ರ ಸೆಪ್ಟೆಂಬರಿನಲ್ಲಿ ಬಂದೂಕು ಹಿಡಿಯಿತು. ಅದರ ಮೊದಲ ನಾಯಕ ಎದುವಾರ್ದೊ ಮೊಂಡ್ಲಾನೆಯನ್ನು 1969ರಲ್ಲಿ ಅಂಚೆಯಲ್ಲಿ ಬಂದ ಬಾಂಬಿನಿಂದ ಕೊಂದರು. ಬಳಿಕ ಬಂದವನು ಸಮೊರಾ ಮಶೆಲ್, ಆಸ್ಪತ್ರೆಯಲ್ಲಿ ಶುಶ್ರೂಷೆಯ ಕೆಲಸ ಮಾಡಿಕೊಂಡಿದ್ದವನು. 1974ರ ಏಪ್ರಿಲ್‌ನಲ್ಲಿ ಪೋರ್ಚುಗಲ್ಲಿನಲ್ಲಿಯೇ ಸೈನಿಕರು ತಿರುಗಿಬಿದ್ದು ಸರ್ವಾಧಿಕಾರವನ್ನು ಕಿತ್ತೊಗೆದರು. 1975ರ ಜೂನ್ 25ರಂದು ಮೊಜಾಂಬಿಕಿನಲ್ಲಿ ಬಾವುಟ ಬದಲಾಯಿತು.

ಬಾವುಟ ಬದಲಾಯಿತು, ಆದರೆ ಮನೆಯೊಳಗೆ ಏನಿತ್ತು? ಜನರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಅಕ್ಷರ ಬಾರದವರು. ವೈದ್ಯ, ಯಂತ್ರದ ಮಿಸ್ತ್ರಿ, ಲೆಕ್ಕಪತ್ರದವ, ಅಂಗಡಿಯವ, ಬಹುಪಾಲು ಪೋರ್ಚುಗೀಸರೇ. ಅವರು ಲಕ್ಷಗಟ್ಟಲೆ ಗಂಟುಮೂಟೆ ಕಟ್ಟಿದರು. ಹೋಗುವಾಗ ಟ್ರ್ಯಾಕ್ಟರು ಕೆಡಿಸಿದವರು, ಯಂತ್ರದ ಭಾಗ ಕಿತ್ತವರು ಉಂಟು. ಹೊಸ ಸರ್ಕಾರ ಆಸ್ಪತ್ರೆ, ಶಾಲೆ, ಬಾಡಿಗೆ ಮನೆಗಳನ್ನು ರಾಷ್ಟ್ರೀಕರಿಸಿತು. ಶಾಲೆಗೆ ಹೋಗುವ ಮಕ್ಕಳ ಸಂಖ್ಯೆ ನಾಲ್ಕೈದು ವರ್ಷಗಳಲ್ಲಿ ಸುಮಾರು ಎರಡು ಪಟ್ಟಾಯಿತು. ಮಾಸ್ತರಿಕೆ ಮಾಡಿದ ನನಗೆ ಇದು ಎಷ್ಟು ದೊಡ್ಡ ಕೆಲಸವೆಂದು ಗೊತ್ತು. ಮಕ್ಕಳು ಕೂಡುವುದು ಸುಲಭ, ಅವರ ಮುಂದೆ ನಿಲ್ಲಲು ಮಾಸ್ತರರು ಬೇಕಲ್ಲ!

ಯುದ್ಧ ಎಲ್ಲಿಂದ ಬಂತು? ಮೊಜಾಂಬಿಕಿನ ಪಡುವಣಕ್ಕೆ ರೊಡೇಶಿಯಾ, ಇವತ್ತಿನ ಜಿಂಬಾಬ್ವೆ. ಅಲ್ಲಿ ಹಿಡಿಯಷ್ಟು ಬಿಳಿಯರು ರಾಜ್ಯವಾಳುತ್ತಿದ್ದರು. ಅವರ ಮೇಲೆ ವಿಶ್ವಸಂಸ್ಥೆ ವ್ಯಾಪಾರ ದಿಗ್ಬಂಧನ ಹಾಕಿತ್ತು. ದೊಡ್ಡ ದೊಡ್ಡ ದೇಶಗಳು ಕಣ್ಣುಮುಚ್ಚಾಲೆ ಆಡುತ್ತಿದ್ದಾಗ ಬಡ ಮೊಜಾಂಬಿಕ್ 1976ರ ಮಾರ್ಚ್ 3ರಂದು ತನ್ನ ಗಡಿಯನ್ನು ಮುಚ್ಚಿತು. ಬೇರಾ ಬಂದರಿನ ರೈಲು ಬಾಡಿಗೆ, ಸುಂಕ, ಎಲ್ಲ ಆದಾಯ ಹೋಯಿತು. ರೊಡೇಶಿಯಾದ ಬೇಹುಗಾರಿಕೆ ಇಲಾಖೆ ಪ್ರತಿಯಾಗಿ, ಫ್ರೆಲಿಮೊ ಮೇಲೆ ಅಸಮಾಧಾನಗೊಂಡವರನ್ನೂ ಹಳೆಯ ಪೋರ್ಚುಗೀಸ್ ಸೈನ್ಯದಲ್ಲಿದ್ದವರನ್ನೂ ಒಟ್ಟುಗೂಡಿಸಿ ಒಂದು ಪಡೆ ಕಟ್ಟಿತು. ಅದೇ ರೆನಾಮೊ. 1980ರಲ್ಲಿ ಜಿಂಬಾಬ್ವೆ ಸ್ವತಂತ್ರವಾದಾಗ ಆ ಪಡೆ ಅನಾಥವಾಗಬೇಕಿತ್ತು. ಆಗಲಿಲ್ಲ. ದಕ್ಷಿಣ ಆಫ್ರಿಕಾದ ವರ್ಣದ್ವೇಷಿ ಸರ್ಕಾರದ ಸೈನ್ಯ ಅದನ್ನು ದತ್ತು ತೆಗೆದುಕೊಂಡಿತು. 1984ರ ಮಾರ್ಚ್ 16ರಂದು ಎನ್ಕೊಮಾಟಿ ನದಿಯ ದಂಡೆಯಲ್ಲಿ ಎರಡೂ ಸರ್ಕಾರಗಳು ಒಪ್ಪಂದಕ್ಕೆ ಸಹಿ ಹಾಕಿದವು. ಮೊಜಾಂಬಿಕ್ ದಕ್ಷಿಣ ಆಫ್ರಿಕಾದ ಹೋರಾಟಗಾರರಿಗೆ ನೆಲೆ ಕೊಡಬಾರದು, ದಕ್ಷಿಣ ಆಫ್ರಿಕಾ ರೆನಾಮೊಗೆ ನೆರವು ಕೊಡಬಾರದು. ಮರುವರ್ಷ ಗೊರೊಂಗೊಸಾದಲ್ಲಿ ರೆನಾಮೊ ನೆಲೆಯನ್ನು ಹಿಡಿದಾಗ ಸಿಕ್ಕ ಕಾಗದಪತ್ರಗಳು ಹೇಳಿದ್ದೇನು? ಸಹಿಯ ಮಸಿ ಆರಿದ ಮೇಲೂ ಸಾಮಾನು ಬರುತ್ತಲೇ ಇತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಚಪ್ಪಾಳೆ ಸಿಕ್ಕೀತು, ಆದರೆ ಅದು ಅರ್ಧ ಸತ್ಯ. ಹೊರಗಿನವನು ಬೆಂಕಿಪೆಟ್ಟಿಗೆ ತಂದ, ಸರಿ. ಒಣಹುಲ್ಲು ಒಳಗಿತ್ತು. ಫ್ರೆಲಿಮೊ 1977ರಲ್ಲಿ ತನ್ನನ್ನು ಮಾರ್ಕ್ಸ್‌ವಾದಿ ಪಕ್ಷವೆಂದು ಸಾರಿಕೊಂಡು, ತನ್ನ ಹೊರತು ಬೇರೆ ಪಕ್ಷ ಬೇಡವೆಂದಿತು. ಚದುರಿ ಬಾಳುತ್ತಿದ್ದ ರೈತರನ್ನು ಸಾಮುದಾಯಿಕ ಹಳ್ಳಿಗಳಿಗೆ ಸೇರಿಸಿತು. ಶಾಲೆ, ನೀರು, ದವಾಖಾನೆ ಒಂದೇ ಕಡೆ ಕೊಡಬಹುದೆಂಬ ಉದ್ದೇಶ ಒಳ್ಳೆಯದೇ. ಆದರೆ ಹೊಲ ಹರದಾರಿ ದೂರ ಉಳಿಯಿತು, ಹೋಗಲೊಲ್ಲದವರ ಗುಡಿಸಲಿಗೆ ಬೆಂಕಿ ಇಟ್ಟದ್ದೂ ಉಂಟು. ಊರ ಗೌಡಿಕೆಯವರನ್ನು ಪೋರ್ಚುಗೀಸರ ಬಾಲಬಡುಕರೆಂದು ಒಟ್ಟಿಗೇ ತೆಗೆದುಹಾಕಿತು. ಅವರಲ್ಲಿ ಜನ ಗೌರವಿಸುತ್ತಿದ್ದವರೂ ಇದ್ದರು. ಸಾಲ, ಯಂತ್ರ, ಎಲ್ಲ ಸರ್ಕಾರಿ ತೋಟಗಳ ಪಾಲಾಯಿತು, ಗುದ್ದಲಿ ಹಿಡಿದ ಚಿಕ್ಕ ರೈತನಿಗೆ ಅಂಗಡಿಯಲ್ಲಿ ಗುದ್ದಲಿಯೇ ಸಿಗಲಿಲ್ಲ. 1983ರಲ್ಲಿ ಪಟ್ಟಣದಲ್ಲಿ ಕೆಲಸದ ಚೀಟಿ ಇಲ್ಲದವರನ್ನು ಹಿಡಿದು ಬಹುದೂರದ ನಿಯಾಸಾ ಸೀಮೆಗೆ ಸಾಗಿಸಿದರು. ಮನೆಮಠ ಬಿಟ್ಟು ಕಾಡಿನಲ್ಲಿ ಇಳಿದವರಲ್ಲಿ ಎಷ್ಟೋ ಮಂದಿ ತಿರುಗಿ ಬರಲಿಲ್ಲ. ಸಮಾಜವಾದದ ಹೆಸರಿನಲ್ಲಿ ನಡೆದದ್ದೆಂದು ಇದನ್ನು ನಾವು ಮುಚ್ಚಿಡಬಾರದು. ರೈತನನ್ನು ಕೇಳದೆ ರೈತನಿಗೆ ಒಳ್ಳೆಯದು ಮಾಡಹೊರಟದ್ದರಿಂದಲೇ ರೆನಾಮೊಗೆ ಹಳ್ಳಿಯಲ್ಲಿ ಕಾಲೂರಲು ಜಾಗ ಸಿಕ್ಕಿತು.

ಆ ಕಾಲೂರಿದವರು ಮಾಡಿದ್ದಾದರೂ ಏನು? ಸೈನ್ಯದ ಜೊತೆ ಕಾದಾಡಿದ್ದಕ್ಕಿಂತ ಶಾಲೆ, ದವಾಖಾನೆ, ರೈಲು, ಅಂಗಡಿಗಳ ಮೇಲೆ ಬಿದ್ದದ್ದೇ ಹೆಚ್ಚು. ಮಾಸ್ತರರನ್ನು, ದಾದಿಯರನ್ನು ಹುಡುಕಿ ಕೊಂದರು. ಎಳೆಯ ಹುಡುಗರನ್ನು ಹಿಡಿದೊಯ್ದು ಬಂದೂಕು ಕೊಟ್ಟರು. 1987ರ ಜುಲೈ 18ರಂದು ಹೊಮೊಯಿನೆ ಎಂಬ ಸಣ್ಣ ಪಟ್ಟಣದಲ್ಲಿ 424 ಜನ ಸತ್ತರು. ಆಸ್ಪತ್ರೆಯ ರೋಗಿಗಳನ್ನೂ ಬಿಡಲಿಲ್ಲ. ಫ್ರೆಲಿಮೊಗೆ ಹತ್ತಿರವೇನೂ ಅಲ್ಲದ ಅಮೆರಿಕಾ ಸರ್ಕಾರವೇ 1988ರಲ್ಲಿ ನಿರಾಶ್ರಿತರನ್ನು ವಿಚಾರಿಸಿ ಮಾಡಿಸಿದ ವರದಿ, ರೆನಾಮೊ ಕೈಯಲ್ಲಿ ಸತ್ತ ಸಾಮಾನ್ಯ ಜನರ ಸಂಖ್ಯೆ 1 ಲಕ್ಷವಿರಬಹುದೆಂದಿತು. ಸರ್ಕಾರಿ ಸೈನಿಕರೂ ಸಂಬಳವಿಲ್ಲದೆ, ಊಟವಿಲ್ಲದೆ, ಹಳ್ಳಿ ದೋಚಿದ್ದುಂಟು. ಗುಂಡು, ಬರ, ಹಸಿವು, ಬೇನೆ ಎಲ್ಲ ಸೇರಿ ಹದಿನೈದು ವರ್ಷಗಳಲ್ಲಿ ಸುಮಾರು 10 ಲಕ್ಷ ಜೀವ ಹೋದವೆಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ.

ಅಫಜಲಪುರದ ಸಕ್ಕರೆ ಕಾರ್ಖಾನೆಯ ಬಂಧುಗಳಿಗೆ ಒಂದು ಮಾತು. ಜಾಂಬೇಜಿ ನದಿ ಕಡಲು ಸೇರುವ ಕಡೆ ಲುವಾಬೊ, ಮರೊಮೆವು ಎಂಬಲ್ಲಿ ಎರಡು ದೊಡ್ಡ ಸಕ್ಕರೆ ಕಾರ್ಖಾನೆಗಳಿದ್ದವು. 1985-86ರಲ್ಲಿ ಅವೆರಡೂ ರೆನಾಮೊ ದಾಳಿಗೆ ನಾಶವಾದವು. ಮರೊಮೆವು ಬಹಳ ವರ್ಷಗಳ ಮೇಲೆ ತಿರುಗಿ ಹೊಗೆಯಾಡಿತು. ಕಬ್ಬು ನಿಂತ ಹೊಲ, ಅರೆಯಲು ಗಾಣವಿಲ್ಲ; ಕೂಲಿಕಾರ ನಿಂತಿದ್ದಾನೆ, ಗೇಟಿಲ್ಲ. ನಮ್ಮ ಎಂ.ಎಸ್.ಕೆ. ಮಿಲ್ಲು ಮುಚ್ಚಿದಾಗ ಕಲಬುರಗಿಯ ಓಣಿಗಳಲ್ಲಿ ಏನಾಯಿತೆಂದು ಹಿರಿಯರು ಬಲ್ಲರು. ಅದು ಗುಂಡಿನ ಸದ್ದಿಲ್ಲದೆ ಮುಚ್ಚಿತು. ಅಲ್ಲಿ ಸದ್ದಿನ ಜೊತೆ ಮುಚ್ಚಿತು.

ಈಗ ನೆರೆಹೊರೆಯ ಮಾತು. ಮೊಜಾಂಬಿಕಿನ ನಕಾಶೆ ನೋಡಿದರೆ ಕಡಲ ಉದ್ದಕ್ಕೂ ಹಾಸಿದ ನಾಡು. ಅದರ ಬೆನ್ನಿಗೆ ಕಡಲಿಲ್ಲದ ಮಲಾವಿ, ಜಿಂಬಾಬ್ವೆ, ಜಾಂಬಿಯಾ. ಮಲಾವಿಗೆ ಉಪ್ಪು, ಸೀಮೆಎಣ್ಣೆ, ಗೊಬ್ಬರ ಬರಬೇಕಾದರೆ ನಕಾಲಾ ಅಥವಾ ಬೇರಾ ಬಂದರಿನ ರೈಲೇ ಹತ್ತಿರದ ದಾರಿ. ರೆನಾಮೊ ಹಳಿ ಕಿತ್ತಿತು. ಮಲಾವಿಯ ಸಾಮಾನು ದಕ್ಷಿಣ ಆಫ್ರಿಕಾದ ಡರ್ಬನ್ ತನಕ ಸುತ್ತು ಹಾಕಿ ಬರಬೇಕಾಯಿತು. ಯಾರ ಪಡೆ ಹಳಿ ಕಿತ್ತಿತೋ ಅದನ್ನು ಸಾಕಿದವರ ಬಂದರಿಗೇ ಬಾಡಿಗೆ! ವ್ಯಾಪಾರಸ್ಥರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಜಿಂಬಾಬ್ವೆಯೂ ಇದೇ ಹಗ್ಗಕ್ಕೆ ಸಿಕ್ಕಿತ್ತು. ಬೇರಾದಿಂದ ತನ್ನ ಗಡಿಯ ತನಕ ಬರುವ ರಸ್ತೆ, ರೈಲು, ಎಣ್ಣೆ ಕೊಳವೆಗಳನ್ನು ಕಾಯಲು ಅದು 1982ರಿಂದ ತನ್ನ ಸೈನ್ಯವನ್ನೇ ಮೊಜಾಂಬಿಕಿನೊಳಗೆ ಇಟ್ಟಿತು. ಸಾವಿರಾರು ಸೈನಿಕರ ಖರ್ಚು ಆ ಹೊಸ ದೇಶದ ಬೊಕ್ಕಸದ ಮೇಲೆ ಬಿತ್ತು. ತಾಂಜಾನಿಯಾ ಕೂಡ ಪಡೆ ಕಳಿಸಿತು. ದಕ್ಷಿಣ ಆಫ್ರಿಕಾ ತನ್ನ ಗಣಿಗಳಿಗೆ ಮೊಜಾಂಬಿಕಿನವರನ್ನು ಸೇರಿಸಿಕೊಳ್ಳುವುದನ್ನು ಸ್ವಾತಂತ್ರ್ಯ ಬಂದ ಮೇಲೆಯೇ ಕಡಿಮೆ ಮಾಡಿತ್ತು: 1975ರಲ್ಲಿ ಲಕ್ಷ ಮೀರಿದ್ದವರು ಎರಡು ಮೂರು ವರ್ಷಗಳಲ್ಲಿ ಅದರ ಅರ್ಧಕ್ಕಿಂತ ಕೆಳಗಿಳಿದರು. ಕೂಲಿಗೆ ಬರಬೇಡಿ ಎಂದ ಆ ದೇಶಕ್ಕೇ ಆಮೇಲೆ ಅವರು ನಿರಾಶ್ರಿತರಾಗಿ, ಸಿಂಹಗಳಿರುವ ಕ್ರೂಗರ್ ಕಾಡನ್ನು ನಡೆದು ದಾಟಿ ಹೋದರು.

ನಿರಾಶ್ರಿತರ ಭಾರವೆಲ್ಲ ಬಿದ್ದದ್ದು ಮಲಾವಿಯ ಮೇಲೆ. ನೆರೆಯ ದೇಶಗಳಿಗೆ ಓಡಿದವರು ಒಟ್ಟು ಸುಮಾರು 17 ಲಕ್ಷ. ಅವರಲ್ಲಿ 10 ಲಕ್ಷಕ್ಕೂ ಹೆಚ್ಚು ಮಂದಿ ಮಲಾವಿಯಲ್ಲಿಯೇ ಇದ್ದರು. ಆ ಬಡ ದೇಶದಲ್ಲಿ ಹತ್ತು ಮಂದಿಗೆ ಒಬ್ಬರಂತೆ ನಿರಾಶ್ರಿತರು. ಆ ದೇಶವನ್ನಾಳುತ್ತಿದ್ದ ಹೇಸ್ಟಿಂಗ್ಸ್ ಬಾಂಡಾ ವರ್ಣದ್ವೇಷಿ ಸರ್ಕಾರದ ಜೊತೆ ಕೈಕುಲುಕಿದವನು. ಜನರು ಮಾತ್ರ ಬಂದವರಿಗೆ ಹಿತ್ತಲಲ್ಲಿ ಗುಡಿಸಲು ಹಾಕಲು ಬಿಟ್ಟರು. ಗಡಿಯ ಎರಡೂ ಕಡೆ ಒಂದೇ ಭಾಷೆ, ಒಂದೇ ಬಳಗ. ಸೌದೆಗೆ ಕಾಡು ಬೋಳಾಯಿತು, ಬಾವಿಗೆ ಸಾಲು ಹೆಚ್ಚಿತು, ಜಗಳಗಳೂ ಆದವು. ಆದರೂ ಹೊರಗಟ್ಟಲಿಲ್ಲ.

ಇದು ನಮ್ಮ ಮೂರೂ ತಾಲೂಕುಗಳಿಗೆ ಹೊಸ ಸಂಗತಿಯೇ? 1947-48ರಲ್ಲಿ ನಿಜಾಮರು ತಮ್ಮದೇ ಸ್ವತಂತ್ರ ರಾಜ್ಯವೆಂದು ಹಟ ಹಿಡಿದಾಗ ಅಫಜಲಪುರದವರಿಗೆ ಭೀಮೆ ದಾಟಿದರೆ ಇಂಡಿ, ಸಿಂದಗಿ. ಜೇವರ್ಗಿಯವರಿಗೆ ಪಡುವಣಕ್ಕೆ ಸಿಂದಗಿ. ಆಳಂದದವರಿಗೆ ಅಕ್ಕಲಕೋಟೆ, ಸೊಲ್ಲಾಪುರ. ರಜಾಕಾರರ ಹಾವಳಿಗೆ ಅಂಜಿ ಮಕ್ಕಳು ಮರಿಗಳೊಂದಿಗೆ ಗಡಿ ದಾಟಿದವರ ಕಥೆ ನಿಮ್ಮ ನಿಮ್ಮ ಮನೆಯಲ್ಲೇ ಇದೆ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರು ಶರಣಾದ ಮೇಲೆ ಸೇಡಿನ ಸರದಿ ಬಂತು. ರಜಾಕಾರರ ಜೊತೆ ಯಾವ ಸಂಬಂಧವೂ ಇಲ್ಲದ ಮುಸ್ಲಿಂ ಬಡವರು ಅದಕ್ಕೆ ತಲೆಕೊಟ್ಟರು. ನೆಹರೂ ಅವರು ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರನ್ನು 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳನ್ನು ಹೆಸರಿಸುವಾಗ ಅದರಲ್ಲಿ ಗುಲಬರ್ಗಾ ಹೆಸರೂ ಇತ್ತು. ಆ ವರದಿಯನ್ನು ದಶಕಗಳ ಕಾಲ ಕಪಾಟಿನಲ್ಲಿಟ್ಟರು. ಮೊಜಾಂಬಿಕಿನವರನ್ನು ಕಾಡುಜನ, ಬಡಿದಾಡಿಕೊಂಡು ಸಾಯುವವರು ಎನ್ನುವವರು ನಮ್ಮಲ್ಲಿದ್ದಾರೆ. ಅಂಥವರು ತಮ್ಮ ಅಜ್ಜನನ್ನು ಒಂದು ಮಾತು ಕೇಳಲಿ.

ಇಲ್ಲಿ ತೊಗರಿಯ ಸೀಮೆಗೆ ಬರುತ್ತೇನೆ. ಅಲ್ಲಿ ತೊಗರಿ ಹೆಚ್ಚು ಬೆಳೆಯುವುದು ಉತ್ತರದ ಜಾಂಬೇಜಿಯಾ, ನಾಂಪುಲಾ ಪ್ರಾಂತಗಳಲ್ಲಿ. ಯುದ್ಧದ ಕೊನೆಯ ವರ್ಷಗಳಲ್ಲಿ ಹೆಚ್ಚು ಬೆಂದದ್ದೂ ಇವೇ. 1989-90ರ ಹೊತ್ತಿಗೆ ಅಲ್ಲಿ ಒಂದು ವಿಚಿತ್ರ ನಡೆಯಿತು. ಮಾನುವೆಲ್ ಅಂತೋನಿಯೊ ಎಂಬ ಹಳ್ಳಿಯ ನಾಟಿವೈದ್ಯ ಯುವಕ, ತನ್ನ ಮದ್ದು ಹಾಕಿಸಿಕೊಂಡವರಿಗೆ ಗುಂಡು ತಾಗದು ಎಂದು ಸಾರಿ, ಈಟಿ ಹಿಡಿದ ರೈತರ ದಂಡು ಕಟ್ಟಿದ. ಅವರಿಗೆ ನಪರಾಮ ಎಂದು ಹೆಸರು. ಬರಿಗೈಯ ಈ ರೈತರು ಬಂದೂಕಿನವರನ್ನು ಊರೂರಿನಿಂದ ಓಡಿಸಿದರು, ಲಕ್ಷಾಂತರ ಮಂದಿ ತಿರುಗಿ ತಮ್ಮ ಹೊಲಗಳಿಗೆ ಬಂದರು. ಮದ್ದಿನ ಮಾತು ಮೂಢನಂಬಿಕೆ, ಅನುಮಾನವಿಲ್ಲ. 1991ರಲ್ಲಿ ಅವನೇ ಸತ್ತ. ಆದರೆ ಸರ್ಕಾರವೂ ಕಾಯದೆ, ಬಂಡುಕೋರರೂ ಬಿಡದೆ ಇದ್ದಾಗ ರೈತ ಇನ್ನೇನನ್ನು ನಂಬಬೇಕಿತ್ತು? ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ.

1986ರ ಅಕ್ಟೋಬರ್ 19ರಂದು ಸಮೊರಾ ಮಶೆಲ್ ವಿಮಾನ ದಕ್ಷಿಣ ಆಫ್ರಿಕಾದ ಗುಡ್ಡಕ್ಕೆ ಬಡಿದು ಬಿತ್ತು. ಅವನೊಂದಿಗೆ ಸತ್ತವರಲ್ಲಿ ಗೋವೆಯಲ್ಲಿ ಹುಟ್ಟಿದ ಪತ್ರಕರ್ತ ಅಕಿನೊ ದ ಬ್ರಗಾಂಸಾ ಒಬ್ಬರು. ಮುಂದೆ ಬಂದ ಜೊವಾಕಿಂ ಶಿಸ್ಸಾನೊ ಮಾತುಕತೆಗೆ ಇಳಿದರು. ದಕ್ಷಿಣ ಆಫ್ರಿಕಾದಲ್ಲಿ ವರ್ಣದ್ವೇಷದ ಆಳ್ವಿಕೆ ಕಾಲು ಕಳೆದುಕೊಂಡಿತ್ತು, ಸೋವಿಯತ್ ಒಕ್ಕೂಟ ಕುಸಿದಿತ್ತು, 1991-92ರ ಬರದಲ್ಲಿ ಎರಡೂ ಕಡೆಯ ಪಡೆಗಳಿಗೆ ತಿನ್ನಲಿಲ್ಲ. 1992ರ ಅಕ್ಟೋಬರ್ 4ರಂದು ರೋಮ್ ನಗರದಲ್ಲಿ ಶಿಸ್ಸಾನೊ ಮತ್ತು ರೆನಾಮೊದ ಅಫೊನ್ಸೊ ಡ್ಲಾಕಾಮಾ ಸಹಿ ಹಾಕಿದರು. ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋದವರಲ್ಲಿ ಭಾರತದ ಸೈನಿಕರೂ ಇದ್ದರು. 1994ರಲ್ಲಿ ಚುನಾವಣೆ ನಡೆದು, ಬಂದೂಕಿನವರು ಶಾಸನಸಭೆಯಲ್ಲಿ ಕುಳಿತರು. ನೆಲದಲ್ಲಿ ಹೂತ ಬಾಂಬುಗಳನ್ನು ತೆಗೆದು ಮುಗಿಸಲು 2015ರ ತನಕ ಹಿಡಿಯಿತು. ಆ ಇಪ್ಪತ್ತೆರಡು ಇಪ್ಪತ್ತಮೂರು ವರ್ಷ ರೈತ ಪ್ರತಿ ಹೆಜ್ಜೆಯನ್ನೂ ಲೆಕ್ಕ ಹಾಕಿ ಇಟ್ಟು ಗುದ್ದಲಿ ಹೊಡೆದಿದ್ದಾನೆ. 2013ರಲ್ಲಿ ಹಳೆಯ ಜಗಳ ಮತ್ತೆ ಕೆದರಿತು, 2019ರ ಆಗಸ್ಟಿನಲ್ಲಿ ಮತ್ತೊಂದು ಒಪ್ಪಂದವಾಯಿತು. ಉತ್ತರ ತುದಿಯ ಕಾಬೊ ಡೆಲ್ಗಾಡೊದಲ್ಲಿ 2017ರಿಂದ ಬೇರೊಂದು ಬಂಡಾಯ ಹೊತ್ತಿದೆ. ಅಲ್ಲಿ ಕಡಲಡಿಯ ಅನಿಲದ ಒಂದು ದೊಡ್ಡ ಗುತ್ತಿಗೆಯಲ್ಲಿ ನಮ್ಮ ದೇಶದ ಸರ್ಕಾರಿ ಎಣ್ಣೆ ಕಂಪನಿಗಳಿಗೆ ನೂರಕ್ಕೆ 30ರ ಪಾಲಿದೆ. ಅದು ಇನ್ನೊಂದು ಸಭೆಗಾಗುವಷ್ಟು ವಿಷಯ.

ಶಾಂತಿಯ ಬೆನ್ನಿಗೆ ಸಾಲಗಾರರು ಬಂದರು. ಇದರಲ್ಲಿ ನಮ್ಮ ಮಂಗಳೂರಿನ ಪಾಲೂ ಇದೆ, ಕೇಳಿ. 1970ರ ದಶಕದ ಆರಂಭದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಗೇರುಬೀಜ ಬೆಳೆಯುತ್ತಿದ್ದ ನಾಡು ಮೊಜಾಂಬಿಕ್. ಕೊಲ್ಲಂ, ಮಂಗಳೂರು ಕಾರ್ಖಾನೆಗಳಲ್ಲಿ ನಮ್ಮ ಹೆಣ್ಣುಮಕ್ಕಳು ಕೈ ಸುಟ್ಟುಕೊಂಡು ಸುಲಿದ ಬೀಜದಲ್ಲಿ ಎಷ್ಟೋ ಪಾಲು ಅಲ್ಲಿಂದ ಹಡಗಿನಲ್ಲಿ ಬಂದದ್ದು. ಯುದ್ಧದಲ್ಲಿ ತೋಟ ಹಾಳಾಯಿತು. ಯುದ್ಧ ಮುಗಿದ ಮೇಲೆ ಅಲ್ಲಿಯವರು, ಬೀಜವನ್ನು ಇಲ್ಲೇ ಸುಲಿಯೋಣ, ಹಸಿಬೀಜದ ಸಾಗಣೆಗೆ ಸುಂಕ ಹಾಕೋಣ ಎಂದರು. ವಿಶ್ವಬ್ಯಾಂಕು ಒಪ್ಪಲಿಲ್ಲ. 1995ರಿಂದ ಸಾಲದ ಷರತ್ತಾಗಿ ಆ ಸುಂಕವನ್ನು ಇಳಿಸಲು ಹೇಳಿತು. ಮಾರುಕಟ್ಟೆ ತೆರೆದರೆ ರೈತನಿಗೆ ಹೆಚ್ಚು ದರ ಸಿಗುತ್ತದೆಂದು ಅದರ ವಾದ. ರೈತನಿಗೆ ಸಿಕ್ಕದ್ದು ಅಲ್ಪ. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಸುಮಾರು 10,000 ಕೂಲಿಕಾರರಲ್ಲಿ ಬಹುಪಾಲು ಜನ, ಅವರಲ್ಲೂ ಹೆಂಗಸರು, 2001ರ ಹೊತ್ತಿಗೆ ಕೆಲಸ ಕಳೆದುಕೊಂಡಿದ್ದರು. ಹಸಿಬೀಜ ಹಡಗು ಹತ್ತಿ ಭಾರತಕ್ಕೆ ಬಂತು. ಆಗ ಮಾಪುಟೊದ ಕಾರ್ಖಾನೆ ಗೇಟಿನ ಮುಂದೆ ನಿಂತ ಹೆಣ್ಣುಮಗಳು "ಇಂಡಿಯಾದವರು ನಮ್ಮ ಅನ್ನ ತಿಂದರು" ಎಂದಿದ್ದರೆ, ಮಂಗಳೂರಿನ ಸುಲಿಯುವ ಹೆಂಗಸು ಏನು ಉತ್ತರ ಕೊಡಬೇಕು? ಅವಳಿಗೆ ಷರತ್ತೂ ಗೊತ್ತಿಲ್ಲ, ಸಾಲವೂ ಗೊತ್ತಿಲ್ಲ. ನಾವು ಗಂಜಿನಲ್ಲಿ ಆಫ್ರಿಕಾದವರನ್ನು ಬೈಯುವಾಗ ಈ ಲೆಕ್ಕ ತಲೆಯಲ್ಲಿರಬೇಕು.

ಯುದ್ಧದಿಂದ ಹಿಂತಿರುಗಿದ ಜಾಂಬೇಜಿಯಾ ರೈತನ ಬಳಿ ಎತ್ತಿಲ್ಲ, ನೀರಾವರಿಯಿಲ್ಲ, ಗೊಬ್ಬರಕ್ಕೆ ದುಡ್ಡಿಲ್ಲ. ಗುದ್ದಲಿ ಒಂದಿದೆ. ಅವನು ಗೋವಿನಜೋಳದ ನಡುವೆ ತೊಗರಿ ಚೆಲ್ಲುತ್ತಾನೆ. ಖರ್ಚು ಬೇಡದ ಬೆಳೆ ಅದು. ತಾನೇ ಬೆಳೆದು, ನೆಲಕ್ಕೂ ಬಲ ಕೊಡುತ್ತದೆ. ಅವನ ಮಾಲು ಅಗ್ಗವಾಗಿರುವುದು ಅವನು ನಮ್ಮನ್ನು ಕೆಡಿಸಲೆಂದು ಅಗ್ಗ ಮಾಡಿದ್ದರಿಂದಲ್ಲ. ಅವನ ಕೂಲಿಯನ್ನು ಅವನೇ ಲೆಕ್ಕ ಹಿಡಿಯಲಾರ, ಕೂಡಿಟ್ಟುಕೊಳ್ಳಲು ಉಗ್ರಾಣವಿಲ್ಲ, ಬಂದ ಖರೀದಿದಾರ ಹೇಳಿದ್ದೇ ದರ. ಅಲ್ಲಿಂದ ನಕಾಲಾ ಬಂದರು, ಅಲ್ಲಿಂದ ನಮ್ಮ ಬಂದರುಗಳು. ನಡುವೆ ಇರುವವರು ಕೆಲವೇ ದೊಡ್ಡ ಕಂಪನಿಗಳು. 2023ರ ಕೊನೆಗೆ ಆ ಕಂಪನಿಗಳ ನಡುವೆಯೇ ವ್ಯಾಜ್ಯ ಹುಟ್ಟಿ ನಕಾಲಾದಲ್ಲಿ ತೊಗರಿ ತಡೆದು ನಿಂತಾಗ ದಿಲ್ಲಿಯ ತನಕ ಗದ್ದಲವಾಯಿತು. ಆದರೆ ಅದಕ್ಕೆ ಕೆಲವು ವರ್ಷ ಮೊದಲು, 2017ರಲ್ಲಿ, ಆ ರೈತ ಬಿದ್ದಾಗ ಯಾರೂ ಗದ್ದಲ ಮಾಡಲಿಲ್ಲ. ಹಿಂದಿನ ವರ್ಷದ ಒಪ್ಪಂದದ ಸುದ್ದಿ ನಂಬಿ ಹೆಚ್ಚು ಬಿತ್ತಿದ್ದ. ನಮ್ಮಲ್ಲಿ 2016-17ರಲ್ಲಿ ತೊಗರಿ 48 ಲಕ್ಷ ಟನ್ ಮೀರಿ ಬೆಳೆಯಿತು. ಸರ್ಕಾರ ಮಾರ್ಚಿನಲ್ಲಿ ಆಮದಿನ ಮೇಲೆ ನೂರಕ್ಕೆ 10ರ ಸುಂಕ ಹಾಕಿತು, ಆಗಸ್ಟಿನಲ್ಲಿ, ಒಪ್ಪಂದದ ಪಾಲು ಬಿಟ್ಟು ಉಳಿದದ್ದಕ್ಕೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಹಾಕಿತು. ಅಲ್ಲಿ ದರ ನೆಲಕಚ್ಚಿತು. ಇಲ್ಲಿಯಾದರೂ ಮೇಲೆದ್ದಿತೇ? 5,050 ರೂಪಾಯಿ ಬೆಂಬಲ ಬೆಲೆಯ ವರ್ಷದಲ್ಲಿ ಗಂಜಿನ ದರ ಅದಕ್ಕಿಂತ ಕೆಳಗೇ ಇತ್ತು. ಖರೀದಿ ಕೇಂದ್ರಗಳ ಮುಂದೆ ಗಾಡಿಗಳ ಸಾಲು, ಚೀಲವಿಲ್ಲ, ತೂಕವಿಲ್ಲ. ಒಂದೇ ವರ್ಷ, ಒಂದೇ ಬೆಳೆ, ಎರಡು ಖಂಡಗಳ ರೈತರೂ ಅಂಗಳದಲ್ಲಿ ಕುಳಿತರು.

ಬೇಳೆ ಗಿರಣಿಯವರಿಗೆ ಹೊರಗಿನ ಮಾಲಿನಿಂದ ಲಾಭವಲ್ಲವೇ, ಗಿರಣಿ ನಡೆದರೆ ಕೂಲಿ ಅಲ್ಲವೇ ಎಂದು ಆಳಂದದಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನೆಟೆ ರೋಗ ಬಂದ 2022ರಂಥ ವರ್ಷ ಹೊರಗಿನ ಕಾಳು ಬಾರದಿದ್ದರೆ ಎಷ್ಟೋ ಗಿರಣಿಗಳ ಪಟ್ಟಿ ತಿರುಗುತ್ತಿರಲಿಲ್ಲ. ಹಾಗೆಯೇ ಹೊರಗಿನ ಕಾಳು ಇಳಿಯುವುದು ಬಂದರಿನಲ್ಲಿ. ಬಂದರಿನ ಹತ್ತಿರದ ಗಿರಣಿಗೆ ಅದು ಅಗ್ಗ, ಕಲಬುರಗಿಗೆ ಬರುವಷ್ಟರಲ್ಲಿ ಲಾರಿ ಬಾಡಿಗೆ ಏರಿರುತ್ತದೆ. ನಮ್ಮ ಗಿರಣಿಗಳು ಹುಟ್ಟಿದ್ದು ನಮ್ಮ ಹೊಲದ ಮಗ್ಗುಲಲ್ಲಿರುವುದಕ್ಕೆ. ಹೊಲ ತೊಗರಿ ಬಿಟ್ಟರೆ ಗಿರಣಿಯೂ ಹೊಲವನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಜೇವರ್ಗಿಯಲ್ಲಿ ಹಮಾಲ ಬಂಧುವೊಬ್ಬರು ಎದ್ದು, "ಮಾಸ್ತರ, ಅವ್ರು ತೊಗರಿ ಉಣ್ತಾರೇನ್ರಿ?" ಎಂದು ಕೇಳಿದರು. ಸಭೆ ನಕ್ಕಿತು, ನಗುವ ಪ್ರಶ್ನೆಯಲ್ಲ. ಅವರ ಊಟ ಗೋವಿನಜೋಳದ ಮುದ್ದೆ, ಮರಗೆಣಸು. ತೊಗರಿ ಬಹುಮಟ್ಟಿಗೆ ಮಾರಲೆಂದೇ ಬೆಳೆದದ್ದು, ಮಾರುವುದು ಬಹುತೇಕ ಭಾರತಕ್ಕೇ. ಇಲ್ಲಿ ಬಾಗಿಲು ಹಾಕಿದರೆ ಅದನ್ನು ಉಣ್ಣಲೂ ಆರರು, ಬೇರೆಯವರಿಗೆ ಮಾರಲೂ ಆರರು. ಆದ್ದರಿಂದ ಬಾಗಿಲು ಹಾಕಿಬಿಡಿ ಎಂಬ ಬೇಡಿಕೆ ನಾನು ಇಡುವುದಿಲ್ಲ. ನಾನು ಇಡುವ ಬೇಡಿಕೆ ತಾರೀಖಿನದು. ನಾವು ಬಿತ್ತುವುದು ಜೂನ್, ಜುಲೈ. ರಾಶಿ ಡಿಸೆಂಬರ್, ಜನವರಿ. ಅವರು ಬಿತ್ತುವುದು ನವೆಂಬರ್, ಡಿಸೆಂಬರ್. ಕೊಯ್ಲು ಜುಲೈಯಿಂದ ಸೆಪ್ಟೆಂಬರ್. ಅವರ ಹಡಗು ನಮ್ಮ ಬಂದರಿಗೆ ಬರುವುದು ನಮ್ಮ ರಾಶಿಗೆ ಸ್ವಲ್ಪವೇ ಮೊದಲು. ಎಷ್ಟು ತರಿಸುತ್ತೇವೆ, ಸುಂಕ ಎಷ್ಟು, ಯಾವ ದಿನದ ತನಕ ಎಂಬ ಆಜ್ಞೆ ಮೇ ತಿಂಗಳಲ್ಲಿ ಹೊರಟರೆ ನಮ್ಮ ರೈತನಿಗೆ ಬಿತ್ತುವ ಮೊದಲು ತಿಳಿಯುತ್ತದೆ. ಮುಂದಿನ ವರ್ಷದ ಪ್ರಮಾಣ ಅಕ್ಟೋಬರಿನಲ್ಲಿ ಹೊರಟರೆ ಜಾಂಬೇಜಿಯಾದವನಿಗೂ ತಿಳಿಯುತ್ತದೆ. 2025ರ ಆಜ್ಞೆ ಹೊರಟದ್ದು ಜನವರಿ 20ರಂದು. ಆಗ ನಮ್ಮ ಮಾಲು ಗಂಜಿನ ಕಟ್ಟೆಯ ಮೇಲಿತ್ತು, ಅವರ ಬೀಜ ನೆಲದೊಳಗಿತ್ತು.